ಆಷಾಢದಲ್ಲಿ ಚಿಗುರಿದ ಜರ್ಮನಿ

ಪೈನ್ ಮರವನ್ನು ನಾನು ಈ ಜನ್ಮದಲ್ಲಿ ಕಣ್ಣಾರೆ ಕಂಡಿಲ್ಲ. ಫರ್ ಮರವನ್ನೂ ಕಂಡಿಲ್ಲ. ಆದರೂ ಯುದ್ಧದ ನಾಲ್ಕನೇ ವರ್ಷದ ಮಳೆಗಾಲದಲ್ಲಿ ಇಂಗ್ಲೆಂಡ್ ಮತ್ತು ಜರ್ಮನಿ ಎಂಬ ಎರಡು ದೇಶಗಳು ಹಡಗಿನ ಮೇಲೆ ತರಿಸಿಕೊಂಡ ಅಷ್ಟೂ ಪೈನು, ಅಷ್ಟೂ ಫರ್ರು ನನ್ನ ಸುಪರ್ದಿಯಲ್ಲಿತ್ತು. ಎಲ್ಲಿ ಎಂದರೆ, ದೇವನಹಳ್ಳಿ ತಾಲ್ಲೂಕಿನ ಒಂದು ಹೋಬಳಿ ಊರಿನ ಮಿಡ್ಲ್ ಸ್ಕೂಲಿನ ಅಂಗಳದಲ್ಲಿ. ಆ ಎರಡು ದೇಶಗಳು ಅಲ್ಲೆಲ್ಲೋ ಒಂದರ ಮೇಲೊಂದು ಬಾಂಬು ಹಾಕಿಕೊಳ್ಳುತ್ತಿದ್ದವು. ನಾನು ಇಲ್ಲಿ ಎರಡಕ್ಕೂ ನೀರು ಹಾಕುತ್ತಿದ್ದೆ.

ನಾನಾಗ ಹಂಗಾಮಿ ಮೇಷ್ಟ್ರು. ಹಂಗಾಮಿ ಎಂದರೆ, ‘ನಾಳೆಯಿಂದ ಬರಬೇಡಿ’ ಎಂದು ಹೇಳಲು ಯಾರಿಗೂ ನಾಲಿಗೆ ತೊಡರದ ಕೆಲಸ. ವಯಸ್ಸು ಇಪ್ಪತ್ತೆರಡು. ಮಲಗುತ್ತಿದ್ದುದು ಆರನೇ ತರಗತಿಯಲ್ಲಿ, ಎರಡು ಬೆಂಚು ಜೋಡಿಸಿಕೊಂಡು. ಶಾಲೆಯ ಹಿಂದೆಯೇ ಮೇಷ್ಟ್ರ ವಾಸಕ್ಕೆಂದು ಕಟ್ಟಿದ ಒಂದು ರೂಮು, ಅದಕ್ಕೊಂದು ಅಡುಗೆಮನೆ, ಅದರಲ್ಲಿ ಎರಡು ಬಾಯಿಯ ಒಲೆ ಇತ್ತು. ಆದರೆ ಅದು ಖಾಯಂ ಮೇಷ್ಟ್ರಿಗೆ ಮಾತ್ರ ಎಂದು ನಿಯಮ. ಖಾಯಂ ಮೇಷ್ಟ್ರು ಯಾರೂ ಇಲ್ಲದೆ ಎರಡು ವರ್ಷದಿಂದ ಅಲ್ಲಿ ಬಾವಲಿಗಳು ಖಾಯಮ್ಮಾಗಿದ್ದವು, ಬಾಗಿಲಿಗೆ ಅಂಗೈ ಅಗಲದ ಬೀಗ ಬಿದ್ದಿತ್ತು.

ನನಗೇನೋ ಬೆಂಚೇ ಸಾಕಾಗಿತ್ತು. ಆ ರೂಮು ಬೇಕಾಗಿದ್ದುದು ನಮ್ಮವ್ವನಿಗೆ. ಅಪ್ಪ ತೀರಿಕೊಂಡಾಗ ನನಗೆ ಆರು ವರ್ಷ. ಅವ್ವ ನನ್ನ ಕೈ ಹಿಡಿದುಕೊಂಡು ಆವತಿಯಲ್ಲಿದ್ದ ಅಣ್ಣನ ಮನೆಗೆ ಬಂದಳು. ಮಾವ ಕೆಟ್ಟವರಲ್ಲ. ಅತ್ತೆಯೂ ಕೆಟ್ಟವಳಲ್ಲ, ನನ್ನನ್ನು ಓದಿಸಿದರು. ಆದರೆ ಒಲೆ ಅತ್ತೆಯದು. ಆ ಒಲೆಯ ಮುಂದೆ ಹದಿನಾರು ವರ್ಷ ಬೆಂದ ಮೇಲೂ ಅವ್ವ ಸಾರಿಗೆ ಕೈ ಹಾಕುವ ಮೊದಲು ‘ಉಪ್ಪು ಹಾಕ್ಲಾ ಅತ್ಗೆ?’ ಎಂದು ಕೇಳುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು. ಶನಿವಾರ ನಾನು ಆವತಿಗೆ ಹೋದಾಗಲೆಲ್ಲ ಆರೋಗ್ಯ ಹೇಗಿದೆ, ಊಟ ಆಯಿತಾ ಎಂದು ಕೇಳುವುದು ಬಿಟ್ಟು, ಹಟ್ಟಿ ಬಾಗಿಲಲ್ಲೇ ತಡೆದು ಮೆಲ್ಲಗೆ ‘ರೂಮಿನ್ ಬೀಗ ತೆಗುದ್ರೇನ್ಲಾ?’ ಎನ್ನುತ್ತಿದ್ದಳು. ‘ಇಲ್ಲವ್ವ, ಖಾಯಂ ಆಗ್ಲಿ’ ಎಂದು ನಾನು. ‘ಆಗ್ಲಿ ಬುಡು’ ಎಂದು ಒಳಗೆ ಹೋಗುತ್ತಿದ್ದಳು.

ಖಾಯಂ ಆಗಲು ಇನ್‌ಸ್ಪೆಕ್ಟರು ಬಂದು ನನ್ನ ಮಾದರಿ ಪಾಠ ನೋಡಿ ಸಹಿ ಹಾಕಬೇಕು. ಅದು ಎಲ್ಲರಿಗೂ ಇದ್ದದ್ದೇ. ನನಗೆ ಮಾತ್ರ ಇನ್ನೊಂದು ತೊಡಕಿತ್ತು. ಹಿಂದಿನ ವರ್ಷ ಚಳವಳಿ ಎದ್ದಾಗ ದೊಡ್ಡಬಳ್ಳಾಪುರದಲ್ಲಿ ಒಂದು ಮೆರವಣಿಗೆ ಹೋಯಿತು, ಅದರ ಬಾಲದಲ್ಲಿ ನಾನೂ ಹೋಗಿದ್ದೆ. ಜೈಲಿಗೆ ಹೋಗುವಷ್ಟು ಮುಂದೆ ಇರಲಿಲ್ಲ, ಯಾರ ಕಣ್ಣಿಗೂ ಬೀಳದಷ್ಟು ಹಿಂದೆಯೂ ಇರಲಿಲ್ಲ. ಯಾರೋ ಪುಣ್ಯಾತ್ಮ ನನ್ನ ಹೆಸರು ಬರೆದುಕೊಂಡಿದ್ದ. ನಮ್ಮ ಹೆಡ್‌ಮಾಸ್ಟರು ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ನನ್ನ ಕಿವಿಯ ಹತ್ತಿರ ಬಂದು ‘ನಿಮ್ಮ ಮೇಲೆ ಒಂದು ಕಣ್ಣಿದೆ ಕಣ್ರೀ’ ಎನ್ನುತ್ತಿದ್ದರು. ಅವರು ಸಾಧು ಮನುಷ್ಯ. ಪೆನ್ಷನ್ನಿಗೆ ಎರಡು ವರ್ಷ ಬಾಕಿಯಿತ್ತು, ಆ ಎರಡು ವರ್ಷ ಜಗತ್ತಿನಲ್ಲಿ ಏನೂ ನಡೆಯಬಾರದು ಎಂಬುದೊಂದೇ ಅವರ ಆಸೆ.

ಜೂನ್ ತಿಂಗಳಲ್ಲಿ ಇನ್‌ಸ್ಪೆಕ್ಟರ ಕಾಗದ ಬಂತು. ಏಳನೇ ತರಗತಿಗೆ ಭೂಗೋಳ. ಪಾಠದ ಹೆಸರು, ಎರಡು ದೇಶಗಳ ಮೃದು ಮರದ, ಎಂದರೆ ಪೈನು ಫರ್ರುಗಳ, ಆಮದು, ಕಾಲಕಾಲಕ್ಕೆ ಅದರ ಏರಿಳಿತ ಮತ್ತು ಹೋಲಿಕೆ. ಪುಸ್ತಕ ತೆರೆದು ನೋಡಿದರೆ ಯುದ್ಧಕ್ಕೆ ಎಷ್ಟೋ ಮೊದಲು ಅಚ್ಚಾದದ್ದು. ಒಂದು ಪುಟದಲ್ಲಿ ಎರಡು ಗೆರೆ ಮೇಲೆ ಕೆಳಗೆ ಹಾವಿನ ಹಾಗೆ ಹೊರಳಾಡುತ್ತಿದ್ದವು, ಒಂದು ಇಂಗ್ಲೆಂಡು, ಇನ್ನೊಂದು ಜರ್ಮನಿ. ಇದನ್ನು ಬೋರ್ಡಿನ ಮೇಲೆ ಬರೆದು ಕೈತೊಳೆದುಕೊಳ್ಳುವ ಹಾಗಿರಲಿಲ್ಲ. ಈ ಇನ್‌ಸ್ಪೆಕ್ಟರಿಗೆ ವಸ್ತುಪಾಠದ ಹುಚ್ಚು. ಬಾಯಲ್ಲಿ ಹೇಳಿದರೆ ಪಾಠವಲ್ಲ, ವಸ್ತುವನ್ನೇ ತಂದು ತೋರಿಸಬೇಕು. ಹಾಲಿನ ಪಾಠಕ್ಕೆ ಎಮ್ಮೆಯನ್ನೇ ತರಗತಿಯೊಳಕ್ಕೆ ಹೊಡೆದುಕೊಂಡು ಬಂದ ಹೊಸಕೋಟೆ ಕಡೆಯ ಒಬ್ಬ ಮೇಷ್ಟ್ರಿಗೆ ಬಡ್ತಿ ಕೊಟ್ಟಿದ್ದರೆಂದು ಸುದ್ದಿ. ಎಮ್ಮೆ ಸಿಗುತ್ತದೆ. ಇಂಗ್ಲೆಂಡಿನ ಆಮದನ್ನು ನಾನೆಲ್ಲಿಂದ ಹೊಡೆದುಕೊಂಡು ಬರಲಿ?

ಮಕ್ಕಳನ್ನೇ ಕೇಳೋಣವೆಂದು ಪಾಠದ ವಿಷಯ ಹೇಳಿದೆ. ಮೊದಲ ಸಾಲಿನಲ್ಲಿ ಗಾಣದ ಮನೆಯ ಹುಡುಗಿಯೊಬ್ಬಳು ಕೂರುತ್ತಿದ್ದಳು, ಅವಳ ಬಾಯಿಗೆ ಬೀಗವಿರಲಿಲ್ಲ.

‘ಇಂಗ್ಲೆಂಡಲ್ಲಿ ಮರ ಇಲ್ವಾ ಸಾ?’

‘ಇದೆ. ಸಾಲಲ್ಲ.’

‘ಮತ್ತೆ ಹೆಣ ಹೆಂಗ್ ಸುಡ್ತಾರೆ ಸಾ?’

‘ಸುಡಲ್ಲ, ಹೂಳ್ತಾರೆ.’

‘ಮರ ಸಾಲ್ದು ಅಂತಲಾ ಸಾ?’

ನಾನು ಪುಸ್ತಕ ನೋಡಿದೆ. ಅವಳು ಬಿಡಲಿಲ್ಲ. ‘ಮೆತ್ತಗಿರೋ ಮರಾನ ಯಾಕ್ ಸಾ ಹಡಗಲ್ಲಿ ತರಿಸ್ತಾರೆ? ನಮ್ಮ ಹಿತ್ತಲ ನುಗ್ಗೆ ಮೇಲೆ ಕಾಗೆ ಕೂತ್ರೂ ಮುರೀತದೆ.’ ಕಾಗದ ಮಾಡುತ್ತಾರೆ, ಪೆಟ್ಟಿಗೆ ಮಾಡುತ್ತಾರೆ ಎಂದು ಹೇಳುತ್ತಿರುವಾಗಲೇ ನನಗೆ ಹೊಳೆಯಿತು. ಗೆರೆ ಯಾಕೆ, ಕೋಲನ್ನೇ ನೆಡೋಣ. ಅಂಗಳದಲ್ಲಿ ಹಗ್ಗ ಹಿಡಿದು ಸಾಲು ಮಾಡುವುದು, ಹತ್ತು ವರ್ಷಕ್ಕೊಂದರಂತೆ ಆರು ಜಾಗದಲ್ಲಿ ಗುಣಿ ತೋಡುವುದು, ಒಂದೊಂದು ಜಾಗದಲ್ಲೂ ಎರಡೆರಡು ಕೋಲು. ಎಷ್ಟು ಆಮದೋ ಕೋಲು ಅಷ್ಟುದ್ದ. ಮರದ ಪಾಠಕ್ಕೆ ಮರವೇ ವಸ್ತು. ನನ್ನ ಬುದ್ಧಿಗೆ ನಾನೇ ಬೆರಗಾದೆ.

ಹೆಡ್‌ಮಾಸ್ಟರು ಒಪ್ಪಿದರು, ಒಂದು ಷರತ್ತು ಹಾಕಿದರು. ‘ಇಂಗ್ಲೆಂಡು ನೆಟ್ಟಗಿರಬೇಕು ಕಣ್ರೀ, ಕಾಲ ಸರಿಯಿಲ್ಲ. ಒಳ್ಳೆ ಸರ್ವೆ ಕೋಲು ಹಾಕಿ. ನುಗ್ಗೆ ಗಿಗ್ಗೆ ಎಲ್ಲ ಜರ್ಮನಿಗಿರಲಿ.’

ಸರ್ವೆ ಕೋಲಿಗೆ ಶಾಲೆಯ ಎದುರಿಗಿದ್ದ ಸೌದೆ ಡಿಪೊಗೆ ಹೋದೆ. ಡಿಪೊ ಸಾಬರಿಗೆ ನನ್ನನ್ನು ರೇಗಿಸದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ. ‘ಕ್ಯಾ ಮೇಷ್ಟ್ರೇ, ಒಲೆನೇ ಇಲ್ದೋರಿಗೆ ಸೌದೆ ಯಾಕೆ?’ ಎಂದರು. ವಿಷಯ ಹೇಳಿದ ಮೇಲೆ ಗಂಭೀರವಾಗಿ ಎದ್ದು ರಾಶಿಯನ್ನೆಲ್ಲ ಕೆದಕಿ ಬಾಣದಂಥ ಆರು ಕೋಲು ಆರಿಸಿದರು. ‘ಇಂಗ್ಲೆಂಡ್‌ಗೆ ಹೋಗೋ ಮಾಲು, ಸೊಟ್ಟ ಇರ್ಬಾರ್ದು.’ ಆಮೇಲೆ ಸಂತೆಯಲ್ಲೆಲ್ಲ ತಾನು ಇಂಗ್ಲೆಂಡಿಗೆ ಮರ ಸಪ್ಲೈ ಮಾಡುತ್ತಿದ್ದೇನೆಂದು ಹೇಳಿಕೊಂಡು ತಿರುಗಿದರು. ಮಿಲಿಟರಿ ಕಂಟ್ರಾಕ್ಟರುಗಳು ಕಂಡ ಕಂಡ ಮರ ಕಡಿಸುತ್ತಿದ್ದ ಕಾಲ, ಕೆಲವರು ನಂಬಿಯೂ ಬಿಟ್ಟರು.

ಜರ್ಮನಿಯನ್ನು ಮಕ್ಕಳು ತಂದರು. ತೋಳು ಗಾತ್ರದ ನುಗ್ಗೆ ಕೊಂಬೆಗಳು. ಪುಸ್ತಕದ ಗೆರೆಯನ್ನು ನೂಲಿನಿಂದ ಅಳೆದು ಅದರ ಹತ್ತುಪಟ್ಟು ಉದ್ದಕ್ಕೆ ಕತ್ತರಿಸಿ ನೆಟ್ಟೆವು. ಇಲ್ಲೇ ನೋಡಿ ಎಡವಟ್ಟಾದದ್ದು. ನಾವೆಲ್ಲ ಹೊಲದ ಮನೆಯವರು, ನಾನೂ ಸೇರಿದ ಹಾಗೆ. ನಮ್ಮ ಕೈಗೆ ನುಗ್ಗೆ ಕೊಂಬೆ ಕೊಟ್ಟು ನೆಲಕ್ಕೆ ಚುಚ್ಚು ಎಂದರೆ ಸುಮ್ಮನೆ ಚುಚ್ಚಲು ನಮಗೆ ಬರುವುದೇ ಇಲ್ಲ. ಬುಡವನ್ನು ಓರೆಯಾಗಿ ಕೊಚ್ಚಿದೆವು. ಗುಣಿಗೆ ಒಂದು ಹಿಡಿ ಗೊಬ್ಬರ ಬಿತ್ತು. ಮಣ್ಣು ಎಳೆದು ಹಿಮ್ಮಡಿಯಲ್ಲಿ ತುಳಿದೆವು. ಹುಡುಗಿಯರು ಹೋಗಿ ಹಸಿ ಸಗಣಿ ತಂದು, ಕೊಂಬೆಯ ನೆತ್ತಿ ಒಣಗಬಾರದೆಂದು ಒಂದೊಂದರ ತಲೆಗೂ ಉಂಡೆ ಮಾಡಿ ಮೆತ್ತಿದರು. ಮೇಲೊಂದು ಚೊಂಬು ನೀರು. ಸರ್ವೆ ಕೋಲಿಗೆ ಇದ್ಯಾವ ಉಪಚಾರವೂ ಇಲ್ಲ, ಒಣ ಸೌದೆಗೆ ಯಾರು ಸಗಣಿ ಮೆತ್ತುತ್ತಾರೆ? ಅದಕ್ಕೆ ಸುತ್ತ ಕಲ್ಲು ಗಿಡಿದು ನಿಲ್ಲಿಸಿದೆವು. ಪಕ್ಕದಲ್ಲೇ ನಿಂತು ಇದನ್ನೆಲ್ಲ ನೋಡಿದ ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ಅವರು ಮರೆತಿದ್ದರೆ ನಾನೇ ನೆನಪಿಸುತ್ತಿದ್ದೆನೇನೋ.

ಇನ್‌ಸ್ಪೆಕ್ಟರು ಹೇಳಿದ ದಿನ ಬಂದಿದ್ದರೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಬರಲಿಲ್ಲ. ಪೆಟ್ರೋಲಿಲ್ಲದೆ ಬಸ್ಸುಗಳೆಲ್ಲ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು, ಅವರ ಬಸ್ಸು ಯಲಹಂಕದ ಏರು ಹತ್ತಲಾರದೆ ಕೂತಿತಂತೆ. ಎರಡನೇ ಸಲ ಅವರಿಗೆ ಶೀತ. ಮೂರನೇ ಸಲ ಕಾರಣವೇ ಇಲ್ಲ. ಅಷ್ಟರಲ್ಲಿ ಆಷಾಢ ಹಿಡಿಯಿತು, ಜಿಟಿಜಿಟಿ ಮಳೆ, ಗಾಳಿ. ಒಂದು ಬೆಳಿಗ್ಗೆ ಹೆಡ್‌ಮಾಸ್ಟರು ಅಂಗಳದಲ್ಲಿ ಕೊಡೆ ಹಿಡಿದು ನಿಂತಿದ್ದವರು ನನ್ನನ್ನು ಕೈಸನ್ನೆ ಮಾಡಿ ಕರೆದರು.

‘ಏನ್ರೀ ಇದು, ಜರ್ಮನಿ ಚಿಗುರಿದೆ.’

‘ನುಗ್ಗೆ ಸಾರ್. ಚಿಗುರುತ್ತೆ.’

‘ಚಿಗುರಬಾರದು ಅಂತ ಹೇಳ್ರೀ.’

‘ಯಾರಿಗೆ ಸಾರ್?’

ಅವರು ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿ, ‘ಹಾಗಾದ್ರೆ ಇಂಗ್ಲೆಂಡನ್ನೂ ಚಿಗುರಿಸಿ’ ಎಂದರು. ಒಣಗಿದ ಸರ್ವೆ ಚಿಗುರುವುದಿಲ್ಲ ಎಂದು ಬಿಡಿಸಿ ಹೇಳಬೇಕಾಯಿತು. ಬಗ್ಗಿ ನೋಡಿದರೆ ಅದಕ್ಕಿಂತ ಘನವಾದ ಸಮಾಚಾರವಿತ್ತು. ಇಂಗ್ಲೆಂಡಿನ ಬುಡಕ್ಕೆ ಗೆದ್ದಲು ಹಿಡಿದಿತ್ತು. ಹೆಡ್‌ಮಾಸ್ಟರು ಅಲ್ಲೇ ಜಗಲಿಯ ಮೇಲೆ ತಲೆ ಮೇಲೆ ಕೈಹೊತ್ತು ಕೂತರು. ಮೆರವಣಿಗೆಗೆ ಹೋಗಿದ್ದ ಮೇಷ್ಟ್ರು, ಅವನ ಅಂಗಳದಲ್ಲಿ ಇಂಗ್ಲೆಂಡಿಗೆ ಗೆದ್ದಲು, ಜರ್ಮನಿಗೆ ಚಿಗುರು. ಯಾರಾದರೂ ಒಂದು ಅರ್ಜಿ ಬರೆದು ಹಾಕಿದರೆ ಅವರ ಪೆನ್ಷನ್ನೂ ನನ್ನ ರೂಮೂ ಒಟ್ಟಿಗೇ ಮಣ್ಣು ಮುಕ್ಕುತ್ತಿದ್ದವು.

ಅವತ್ತಿನಿಂದ ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ನನ್ನ ಕೆಲಸ ಜರ್ಮನಿಯ ಚಿಗುರು ಚಿವುಟುವುದು. ಸೊಪ್ಪು ಹೆಡ್‌ಮಾಸ್ಟರ ಮನೆಗೆ ಹೋಗುತ್ತಿತ್ತು. ಅವರ ಹೆಂಡತಿಗೆ ಇದರಿಂದ ಬಹಳ ಸಂತೋಷವಾಗಿ, ಕೊನೆಯ ಎರಡು ಕೋಲಿನದು ಎಳೆಯದಾಗಿದೆ, ಅದನ್ನೇ ಕಳಿಸಿ ಎಂದು ಹೇಳಿಕಳಿಸಿದರು. ಆದರೆ ನುಗ್ಗೆಯ ಸ್ವಭಾವ ಗೊತ್ತಲ್ಲ, ಒಂದು ಚಿವುಟಿದರೆ ನಾಲ್ಕು ಕವಲು. ಗೆದ್ದಲಿಗೆ ಬೂದಿ ಹಾಕಿದೆ, ಅದು ಬೂದಿಯನ್ನು ಲೆಕ್ಕಕ್ಕೇ ಇಡಲಿಲ್ಲ. ಆಮೇಲೆ ಹೆಡ್‌ಮಾಸ್ಟರು ತಮ್ಮ ಅತ್ತೆಯ ತಿಥಿಗೆಂದು ನೆಲಮಂಗಲಕ್ಕೆ ಹೊರಟರು. ಹೊರಡುವಾಗ ‘ದಿನಾ ಚಿವುಟಿ, ಒಂದು ದಿನಾನೂ ಬಿಡಬೇಡಿ’ ಎಂದು ನನ್ನ ಕೈಹಿಡಿದು ಹೇಳಿದರು.

ನಾನು ಚಿವುಟಲಿಲ್ಲ. ಬೇಸರವಾಯಿತು, ಮಳೆಯಿತ್ತು, ಎಂದು ಏನೋ ಹೇಳಬಹುದು. ನಿಜ ಹೇಳುವುದಾದರೆ ನನಗೆ ಖುಷಿಯಾಗಿತ್ತು. ಅಂಗಳಕ್ಕೆ ಕಳೆ ಬಂದಿತ್ತು. ಮಕ್ಕಳು ಬೆಳಿಗ್ಗೆ ಬಂದವರೇ ಮೊದಲು ಅಲ್ಲಿಗೆ ಓಡಿ ಎಲೆ ಎಣಿಸುತ್ತಿದ್ದರು. ಶಾಲೆಯ ಬೆಂಚಿನ ಮೇಲೆ ಮಲಗುವವನಿಗೂ ತಾನು ನೆಟ್ಟದ್ದು ಹಿಡಿಯಿತಲ್ಲ ಎಂಬ ಒಂದು ಹೆಮ್ಮೆ ಇರುತ್ತದೆ. ಬೆಪ್ಪುತನವೇ ಇರಬಹುದು, ಆದರೆ ಇತ್ತು.

ಆಗ ನಾಲ್ಕನೇ ಕಾಗದ ಬಂತು. ಶುಕ್ರವಾರ ಖಂಡಿತ. ನಾನು ಆವತಿಗೆ ಹೇಳಿಕಳಿಸಿದೆ. ಇನ್‌ಸ್ಪೆಕ್ಟರು ಬಂದ ಕೂಡಲೇ ಕೈಮೇಲೆ ಆರ್ಡರ್ ಕೊಟ್ಟು ಬೀಗದಕೈ ಬಿಸಾಕುತ್ತಾರೆಂದು ಅವ್ವ ತಿಳಿದಿದ್ದಳು. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ನೋಡಿದರೆ ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದಾಳೆ. ಪಕ್ಕದಲ್ಲಿ ಗಂಟು. ಅದರಲ್ಲಿ ರಾಗಿ ಹಿಟ್ಟು, ಉಪ್ಪು, ಮೆಣಸಿನಕಾಯಿ, ಎರಡು ಮಡಕೆ, ಎರಡು ತಣಿಗೆ, ಒಂದು ಮುದ್ದೆ ಕೋಲು. ಇಡೀ ಸಂಸಾರವನ್ನೇ ಹೊತ್ತು ತಂದಿದ್ದಳು.

ಇನ್‌ಸ್ಪೆಕ್ಟರೂ ಹೆಡ್‌ಮಾಸ್ಟರೂ ಒಂದೇ ಬಸ್ಸಿನಿಂದಿಳಿದರು. ಇನ್‌ಸ್ಪೆಕ್ಟರಿಗೆ ಜರಿ ಪೇಟ, ಮುಚ್ಚು ಕೋಟು, ಬೆಳ್ಳಿ ಹಿಡಿಯ ಬೆತ್ತ, ಮೂಗಿನ ಮೇಲೆ ಇದ್ದಿಲಿನ ಮಸಿ. ಮಸಿಯ ವಿಷಯ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಇಡೀ ತಪಾಸಣೆ ಆ ಮೂಗಿನಿಂದಲೇ ನಡೆಯಿತು. ಹೆಡ್‌ಮಾಸ್ಟರು ಅಂಗಳ ನೋಡಿದವರೇ ನನ್ನ ಕಡೆ ತಿರುಗಿದರು. ಜರ್ಮನಿ ಮೊಳಕೈಯುದ್ದ ಗರಿ ಬಿಚ್ಚಿ ಗಾಳಿಗೆ ತೊನೆಯುತ್ತಿತ್ತು. ಇಂಗ್ಲೆಂಡಿನ ಎರಡು ಕೋಲು ಬುಡ ಮುರಿದು ಅಡ್ಡ ಬಿದ್ದಿದ್ದವು.

ಪಾಠ ಮಾಡಿದೆ. ಚೆನ್ನಾಗಿಯೇ ಮಾಡಿದೆ. ಇನ್‌ಸ್ಪೆಕ್ಟರು ಬೆತ್ತ ಚಾಚಿ ಗಾಣದ ಮನೆಯ ಹುಡುಗಿಯನ್ನು ಎಬ್ಬಿಸಿದರು.

‘ಯಾವ ದೇಶ ಹೆಚ್ಚು ಮರ ತರಿಸ್ತಿತ್ತು?’

‘ಇಂಗ್ಲೆಂಡು ಸಾ.’

‘ನನ್ನ ಕಣ್ಣಿಗೆ ಜರ್ಮನಿಯೇ ಎತ್ತರ ಕಾಣ್ತಿದೆಯಲ್ಲ.’

‘ಎಲೆ ಬುಟ್ಟು ಕೋಲು ನೋಡ್ಬೇಕು ಸಾ. ಎಲೆ ಆಮೇಲೆ ಬಂದಿದ್ದು.’ ಹುಡುಗಿ ಒಂದೊಂದೇ ಗುಣಿಯ ಹತ್ತಿರ ನಡೆದು ಹೇಳುತ್ತಾ ಹೋದಳು. ‘ಮೊದ್ಲು ಇಂಗ್ಲೆಂಡು ಭಾಳ ತರಿಸ್ತಿತ್ತು, ಜರ್ಮನಿ ಮೊಣಕಾಲುದ್ದ ಅಷ್ಟೆ. ಆಮೇಲೆ ಜರ್ಮನಿ ಸೊಂಟದ್ಗಂಟ ಬಂತು. ಹೋದ್ ಯುದ್ಧದಲ್ಲಿ ಎಲ್ಡೂ ಕುಸುದ್ವು. ಯುದ್ಧ ಮುಗುದ್ಮೇಲೆ ಇಂಗ್ಲೆಂಡು ಬೇಗ ಎದ್ಕೊಂತು, ಜರ್ಮನಿ ನಿಧಾನಕ್ಕೆ ಎದ್ಕೊಂತು.’

‘ಇದು ಯಾಕೆ ಬಿದ್ದಿದೆ?’

‘ಅದು ಗೆದ್ಲು ಸಾ. ಲೆಕ್ಕಕ್ಕಿಲ್ಲ.’

ಮೆಟ್ರಿಕ್ಕಿನವರು ಹೇಳುವುದಕ್ಕಿಂತ ಚೆನ್ನಾಗಿ ಹೇಳಿದ್ದಳು. ‘ಭೇಷ್’ ಎಂದರು ಇನ್‌ಸ್ಪೆಕ್ಟರು. ರೂಮಿನ ಬೀಗ ಕಳಚಿದ ಸದ್ದು ನನಗೆ ಕೇಳಿಸಿಯೇ ಬಿಟ್ಟಿತು. ಆಮೇಲೆ ಅವರು ನನ್ನನ್ನು ಪಕ್ಕಕ್ಕೆ ಕರೆದು, ಮಕ್ಕಳಿಗೂ ಕೇಳಿಸುವಷ್ಟು ಮೆಲ್ಲಗೆ, ‘ನಿಮ್ಮ ಫೈಲು ನೋಡಿದ್ದೇನೆ. ಇದನ್ನ ನೋಡಿ ನಾನು ಏನಂತ ಬರೀಲಿ? ಈಗಲೇ ಜರ್ಮನಿ ಕಿತ್ತು ಹಾಕಿ’ ಎಂದರು.

ಮೆಟ್ಟಿಲ ಮೇಲೆ ಅವ್ವ ಗಂಟಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ನಾನು ಪಂಚೆ ಎತ್ತಿ ಕಟ್ಟಿ ಕಿತ್ತೆ. ಸುಲಭಕ್ಕೆ ಬರಲಿಲ್ಲ, ಅಲ್ಲಾಡಿಸಿ ಅಲ್ಲಾಡಿಸಿ ಎಳೆಯಬೇಕಾಯಿತು. ಬುಡದಲ್ಲಿ ಶಾವಿಗೆಯಂಥ ಬಿಳಿ ಬೇರು. ಒಂದು, ಎರಡು, ಆರೂ ಕಿತ್ತೆ. ಬೇರು ಬಿಟ್ಟ ಗಿಡವನ್ನು ಮೇಷ್ಟ್ರು ಕೀಳುವುದನ್ನು ನಲವತ್ತು ಮಕ್ಕಳು ನೋಡಿದರು. ಗಾಣದ ಮನೆಯ ಹುಡುಗಿ ಮುಖ ಆಚೆ ತಿರುಗಿಸಿಕೊಂಡಳು. ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತದೆ.

ಇನ್‌ಸ್ಪೆಕ್ಟರು ಒಳಗೆ ಹೋಗಿ ಕಾಫಿ ಕುಡಿದು ವರದಿ ಪುಸ್ತಕದಲ್ಲಿ ಬರೆದು ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು. ಹೆಡ್‌ಮಾಸ್ಟರು ನನಗೆ ಪುಸ್ತಕ ತೋರಿಸಿದರು. ಪಾಠದ ಸಿದ್ಧತೆ ಮೆಚ್ಚತಕ್ಕದ್ದು ಎಂದಿತ್ತು. ಕೆಳಗೆ ಇನ್ನೊಂದು ಸಾಲು. ಉಪಾಧ್ಯಾಯರಿಗೆ ಸ್ವಂತ ನಿಲುವಿಲ್ಲ, ಯಾರಾದರೂ ಹೇಳಿದ ಮಾತ್ರಕ್ಕೆ ತಮ್ಮ ಕೆಲಸವನ್ನು ತಾವೇ ಕಿತ್ತು ಹಾಕುತ್ತಾರೆ. ಖಾಯಂ ಮಾಡುವ ವಿಚಾರವನ್ನು ಇನ್ನೊಂದು ವರ್ಷ ನೋಡುವುದು. ಕೀಳು ಎಂದವನೇ ಅವನು. ಅವನಿಗೆ ನಾನು ಹಾಕಿದ ಶಾಪವನ್ನು ಇಲ್ಲಿ ಬರೆಯುವ ಹಾಗಿಲ್ಲ, ಹೆಡ್‌ಮಾಸ್ಟರು ಕಿವಿ ಮುಚ್ಚಿಕೊಂಡು ಪೂರ್ತಿ ಕೇಳಿದರು.

ಹೊರಗೆ ಬಂದೆ. ‘ಬೀಗ ತೆಗೀತಾರೇನ್ಲಾ?’ ಎಂದಳು ಅವ್ವ.

‘ಇಲ್ಲವ್ವ. ಇನ್ನೊಂದು ವರ್ಷ.’ ಕಿತ್ತದ್ದು, ಬರೆದದ್ದು ಎಲ್ಲ ಹೇಳಿದೆ. ಅವಳು ಗಂಟನ್ನು ಎತ್ತಿಕೊಂಡಳು. ಆವತಿಯ ದಾರಿ ಹಿಡಿಯುತ್ತಾಳೆ ಎಂದುಕೊಂಡು, ‘ಬಾ, ಒಂದಷ್ಟು ದೂರ ನಾನೂ ಬರ್ತೀನಿ’ ಎಂದೆ.

‘ಎಲ್ಲಿಗ್ಲಾ? ಮಗನ್ ಮನೆಗೋಗ್ತೀನಿ ಅಂತ ಅತ್ಗೆಗೆ ಹೇಳ್ಬುಟ್ಟು ಬಂದಿವ್ನಿ. ನಾ ವಾಪಸ್ ಹೋಗಾಕಿಲ್ಲ.’

‘ರೂಮಿಲ್ವಲ್ಲವ್ವ.’

‘ರೂಮ್ ಯಾರ್ಗ್ ಬೇಕು. ಒಲೆಗೆ ಬೇಕಾಗಾದು ಮೂರು ಕಲ್ಲು. ಅದಕ್ಕೂ ಅವ್ನು ಸೈನ್ ಹಾಕ್ಬೇಕಾ? ನಾನೂ ಬೆಪ್ ನನ್ ಮಗಳು, ಹದಿನಾರು ವರ್ಸ ಸಾಲ್ದು ಅಂತ ನಿನ್ ಮಾತ್ ಕಟ್ಕೊಂಡು ಇನ್ನೂ ಕಾದೆ.’

ಅವಳು ಅಂಗಳಕ್ಕಿಳಿದು ಇಂಗ್ಲೆಂಡಿಗೆ ಗಿಡಿದಿದ್ದ ಕಲ್ಲುಗಳಲ್ಲಿ ಮೂರನ್ನು ಆರಿಸಿದಳು. ಆಮೇಲೆ ಸರ್ವೆ ಕೋಲುಗಳನ್ನು ಒಂದೊಂದಾಗಿ ಎಳೆದು ಮೊಣಕಾಲಿಗೆ ಕೊಟ್ಟು ಮುರಿಯತೊಡಗಿದಳು. ಜಗಲಿಯಿಂದ ಹೆಡ್‌ಮಾಸ್ಟರು ‘ಅಮ್ಮಾ, ಅದು ಇಂಗ್ಲೆಂಡು’ ಎಂದರು.

‘ಒಣಗೈತಲ್ಲಪ್ಪ’ ಎಂದಳು ಅವ್ವ.

ಮಕ್ಕಳು ನುಗ್ಗೆ ಕೊಂಬೆಗಳ ಸೊಪ್ಪು ಬಿಡಿಸಿ ಅವಳ ಮಡಿಲಿಗೆ ಹಾಕಿ, ಬೇರು ಒಣಗುವ ಮುಂಚೆ ನೆಡಬೇಕೆಂದು ಕೊಂಬೆಗಳನ್ನು ಹೊತ್ತುಕೊಂಡು ಓಡಿದರು. ಅಷ್ಟರಲ್ಲಿ ಹನಿ ಶುರುವಾಯಿತು. ಎದುರಿನ ಡಿಪೊದಿಂದ ಸಾಬರು ಗೋಣಿಚೀಲ ತಲೆಗೆ ಹಾಕಿಕೊಂಡು ಬಂದರು. ‘ಮೇಷ್ಟ್ರೇ, ಡಿಪೊ ಹಿಂದ್ಗಡೆ ಕೋಣೆ ಖಾಲಿ ಬಿದ್ದೈತೆ. ಅಮ್ಮ ಮಳೇಲಿ ಕೂತ್ಕೋಬಾರ್ದು. ಬರ್‍ರಿ’ ಎಂದರು. ನನ್ನನ್ನು ರೇಗಿಸದೆ ಅವರು ಮಾತಾಡಿದ್ದು ಅದೇ ಮೊದಲು.

ಆ ಕೋಣೆಯಲ್ಲಿ ಸಂಜೆ ಬೆಳಕಿರುವಾಗಲೇ ಒಲೆ ಹತ್ತಿತು. ಅವ್ವ ಯಾರನ್ನೂ ಕೇಳದೆ ಸಾರಿಗೆ ಉಪ್ಪು ಹಾಕಿದಳು. ಮುದ್ದೆ ಕಟ್ಟಿ ನನ್ನ ತಣಿಗೆಗೆ ಒಂದು ಇಟ್ಟಳು, ನಾನು ಕೈಹಾಕುವ ಮೊದಲೇ ತನ್ನ ತಣಿಗೆಗೂ ಒಂದು ಇಟ್ಟುಕೊಂಡು ಎದುರಿಗೆ ಚಕ್ಕಂಬಕ್ಕಲ ಹಾಕಿ ಕೂತಳು. ಮಾವನ ಮನೆಯಲ್ಲಿ ಎಲ್ಲರದೂ ಆದ ಮೇಲೆ ಅವಳ ಊಟ. ಅಲ್ಲಿ ಅವಳು ಆರಿದ ಮುದ್ದೆಯನ್ನಲ್ಲದೆ ಬೇರೆ ಉಂಡದ್ದನ್ನು ನಾನು ಕಂಡಿರಲಿಲ್ಲ. ಮುದ್ದೆ ಮುರಿಯಲು ಬೆರಳಿಟ್ಟವಳು ತಟ್ಟನೆ ಕೈ ಎಳೆದುಕೊಂಡು ಬೆರಳಿಗೆ ಉಫ್ ಉಫ್ ಎಂದು ಊದಿಕೊಂಡಳು, ನನ್ನ ಮುಖ ನೋಡಿ ನಕ್ಕಳು.

‘ಸುಡ್ತದೆ ಕಣ್ಲಾ’ ಎಂದಳು.